ಹತ್ತನೆಯ ಕಣ್ಣು

ನನಗೆ ಹತ್ತು ಕಣ್ಣು ಬೇಕಿತ್ತು. ಹೀಗೆಂದರೆ ರಾಕ್ಷಸನ ಮಾತಿನ ಹಾಗೆ ಕೇಳಿಸುತ್ತದೆ. ಆದರೆ ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ, ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಎಂ.ಎಸ್. ಕಡೆಯ ವರ್ಷ ಓದುತ್ತಿದ್ದ ನಾವು ಹೀಗೆಯೇ ಮಾತಾಡಿಕೊಳ್ಳುತ್ತಿದ್ದೆವು. ನಿನಗೆಷ್ಟು ಕಣ್ಣಾಯಿತು, ನನಗಿನ್ನೆಷ್ಟು ಬೇಕು. ನಮ್ಮ ಗುರುಗಳಾದ ಡಾಕ್ಟರ್ ಮಲ್ಲಿಕಾರ್ಜುನಯ್ಯನವರು ತಮ್ಮದೇ ಒಂದು ನಿಯಮ ಇಟ್ಟುಕೊಂಡಿದ್ದರು. ಕಣ್ಣಿನ ಪೊರೆಯನ್ನು ಬೇರೆಯವರ ಕೈ ತಾಗದೆ ಹತ್ತು ಸಲ ತೆಗೆದವನ ಆಪರೇಶನ್ ಲೆಕ್ಕದ ಪುಸ್ತಕಕ್ಕೆ ಮಾತ್ರ ಅವರ ಸಹಿ. ಸಹಿ ಇಲ್ಲದಿದ್ದರೆ ಡಿಸೆಂಬರಿನ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಹಾಸ್ಟೆಲು, ಅದೇ ನೀರು ಸಾರು. ಅಕ್ಟೋಬರ್ ಬಂದರೂ ನನ್ನ ಪುಸ್ತಕದಲ್ಲಿ ಒಂದು ಕಣ್ಣೂ ಇರಲಿಲ್ಲ.

ಸೋಮಾರಿ ಅಂದುಕೊಂಡೀರಿ. ಅಲ್ಲ. ಆ ವರ್ಷ ಕಣ್ಣುಬೇನೆ ಬಂತು. ಎಷ್ಟೋ ದೇಶ ಸುತ್ತಿಕೊಂಡು ಬಂದ ಬೇನೆ. ನಮ್ಮಲ್ಲಿ ಮದ್ರಾಸ್ ಐ ಎಂದು ಹೆಸರಾಯಿತು. ಬೆಳಿಗ್ಗೆ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಮಾರನೆಯ ದಿನಕ್ಕೆ ಕಣ್ಣು ಕೆಂಪಗೆ ಊದಿಕೊಳ್ಳುತ್ತದೆ, ಮನೆಯಲ್ಲಿ ಒಬ್ಬರಿಗೆ ಬಂದರೆ ಮೂರು ದಿನದಲ್ಲಿ ಎಲ್ಲರಿಗೂ ಬರುತ್ತದೆ. ಸಾಯುವ ರೋಗವಲ್ಲ. ವಾರಕ್ಕೆ ತಾನಾಗಿ ಹೋಗುತ್ತದೆ. ಹಾಗಾಗಿ ಯಾರಿಗೂ ನಮ್ಮ ಮೇಲೆ ಕನಿಕರ ಹುಟ್ಟಲಿಲ್ಲ. ಪ್ಲೇಗಿನಲ್ಲಿ ದುಡಿದ ಡಾಕ್ಟರಿಗೆ ಜನ ಹಾರ ಹಾಕುತ್ತಾರೆ. ಕೆಂಗಣ್ಣಿಗೆ ಹನಿ ಬಿಟ್ಟವನಿಗೆ ಒಂದು ಲೋಟ ಕಾಫಿ ಕೊಟ್ಟವರಿಲ್ಲ.

ಪೊರೆ ತೆಗೆಯುವ ನನ್ನ ಸರದಿ ಬರುವ ಮೊದಲೇ, ಜುಲೈನಲ್ಲಿ ಆಪರೇಶನ್ ಥಿಯೇಟರಿಗೆ ಬೀಗ ಬಿತ್ತು. ಅದು ಸರಿಯಾದ ಕೆಲಸವೇ. ಒಳ್ಳೆಯ ಕಣ್ಣಿಗೆ ಒಂದು ವಾರದ ಕಾಟವಾಗುವ ಈ ಬೇನೆ, ಪೊರೆ ತೆಗೆದು ಹೊಲಿಗೆ ಹಾಕಿದ ಕಣ್ಣಿಗೆ ತಗುಲಿದರೆ ಒಳಗೆ ಕೀವಾಗಿ ಕಣ್ಣೇ ಹೋಗಬಹುದು. ನಮ್ಮನ್ನೆಲ್ಲ ಹೊರರೋಗಿಗಳ ಸಾಲಿಗೆ ಕೂರಿಸಿದರು. ರೆಪ್ಪೆ ಎಳೆ, ಟಾರ್ಚು ಬಿಡು, ಹನಿ ಹಾಕು, ಸ್ಪಿರಿಟ್ಟಿನಲ್ಲಿ ಕೈ ಒರೆಸು, ಮುಂದಿನವರು ಬನ್ನಿ. ಬೆಳಿಗ್ಗೆ ಎಂಟಕ್ಕೆ ಕೂತರೆ ಸಾಲು ಮುಗಿಯುವ ತನಕ ಏಳುವಂತಿಲ್ಲ, ಸಾಲು ಮುಗಿಯುತ್ತಲೂ ಇರಲಿಲ್ಲ. ಬೆರಳ ತುದಿಯ ಚರ್ಮ ಸುಲಿದು ಅನ್ನ ಕಲೆಸಿದರೆ ಉರಿಯುತ್ತಿತ್ತು. ಬೆಂಚಿನ ಮೇಲೆ, ಮೆಸ್ಸಿನ ಮೇಜಿನ ಮೇಲೆ, ಸಿಕ್ಕಲ್ಲಿ ತಲೆ ಇಟ್ಟು ಹತ್ತು ನಿಮಿಷ ನಿದ್ದೆ ತೆಗೆಯುತ್ತಿದ್ದೆವು. ನಮ್ಮ ಕಣ್ಣು ಯಾವಾಗಲೂ ಕೆಂಪಗೇ ಇರುತ್ತಿತ್ತು. ಅದು ಬೇನೆಯೋ ನಿದ್ದೆಗೇಡೋ ನಮಗೇ ಗೊತ್ತಾಗುತ್ತಿರಲಿಲ್ಲ.

ನನ್ನ ಕೋಣೆಯ ಜೊತೆಗಾರ ಗೋವಿಂದಯ್ಯ, ಚಿಕ್ಕನಾಯಕನಹಳ್ಳಿಯವನು, ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಟ್ರಂಕು ಕಟ್ಟಿದ. ಎಲ್ಲಿಗೆ ಎಂದೆ. "ಸಾಕು ಕಣ್ಲಾ, ಇನ್ನೊಂದು ರೆಪ್ಪೆ ಎಳುದ್ರೆ ಯಾರಿಗಾದ್ರೂ ಹೊಡುದ್ಬುಡ್ತೀನಿ" ಎಂದು ಹೇಳಿ ಹೊರಟೇಹೋದ. ಎರಡೂವರೆ ವರ್ಷದ ಓದು ಅವನಿಗೆ ಒಂದು ಟ್ರಂಕಿನಷ್ಟೂ ಭಾರವೆನಿಸಲಿಲ್ಲ. ಈಗ ಊರಲ್ಲಿ ನೆಗಡಿ ಜ್ವರಕ್ಕೆ ಸೂಜಿ ಚುಚ್ಚಿಕೊಂಡು ಸುಖವಾಗಿದ್ದಾನೆ. ಅವನು ಯಾಕೆ ಹೋದ ಎಂದು ಆಸ್ಪತ್ರೆಯಲ್ಲಿ ಒಬ್ಬರೂ ಕೇಳಲಿಲ್ಲ, ಅವನ ಪಾಳಿ ಯಾರು ಮಾಡುತ್ತಾರೆ ಎಂದಷ್ಟೇ ಕೇಳಿದರು. ಅದು ನನ್ನ ತಲೆಗೇ ಬಂತು. ಒಂದು ವಾರ ಅವನನ್ನು ಬೈದೆ, ಆಮೇಲೆ ಅವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡು ಅಸೂಯೆಪಟ್ಟೆ.

ಅಕ್ಟೋಬರಿನಲ್ಲಿ ಬೆಂಗಳೂರಿನ ಬೇನೆ ಇಳಿಯಿತು. ಗುರುಗಳು ನನ್ನನ್ನು ಕರೆದು, ದಸರಾ ರಜದಲ್ಲಿ ತುರುವೇಕೆರೆಯಿಂದ ಅಮ್ಮಸಂದ್ರದ ಕಡೆ ಹೋಗುವ ರಸ್ತೆಯ ಒಂದು ಊರಿನ ಶಾಲೆಯಲ್ಲಿ ಪೊರೆ ತೆಗೆಯುವ ಶಿಬಿರ ಇದೆ, ನಿನ್ನ ಸೀಮೆಯೇ ಅಲ್ಲವೇ ಹಾಲಸ್ವಾಮಿ, ಬಾ, ಕಣ್ಣು ಕೊಡುತ್ತೇನೆ ಎಂದರು. ನನ್ನ ಊರು ಹಾಲ್ಕುರಿಕೆಯ ಪಕ್ಕ. ಖುಷಿಗೆ ಆ ರಾತ್ರಿ ಇದ್ದ ಸ್ವಲ್ಪ ನಿದ್ದೆಯೂ ಬರಲಿಲ್ಲ. ಬೇನೆ ಬೆಂಗಳೂರು ಬಿಟ್ಟದ್ದು ನಮ್ಮ ತೆಂಗಿನ ಸೀಮೆಗೆ ಬರುವುದಕ್ಕೆ ಎಂಬುದು ಶಿಬಿರದ ಮೊದಲ ದಿನ ತಿಳಿಯಿತು.

ಶಾಲೆಯ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಅದರ ಕೆಳಗೆ ಇನ್ನೂರಕ್ಕೂ ಹೆಚ್ಚು ಜನ ಕೂತಿದ್ದರು, ಅವರಲ್ಲಿ ಅರ್ಧ ಜನ ನಮಗೆ ಬೆನ್ನು ಹಾಕಿ ಕೂತಿದ್ದರು. ಗುರುಗಳಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ನಮ್ಮ ಕಡೆ ಕಣ್ಣುಬೇನೆ ಬಂದವರು ಎದುರಿನವರಿಗೆ ಮುಖ ಕೊಡುವುದಿಲ್ಲ. ನೋಟದಿಂದ ಬೇನೆ ಹಾರುತ್ತದೆಂದು ನಂಬಿಕೆ. ಮುಖ ಅತ್ತ ತಿರುಗಿಸಿಕೊಂಡೇ ಕಾಯಿ ಸುಲಿಯುತ್ತಾರೆ, ಮುಖ ತಿರುಗಿಸಿಕೊಂಡೇ ಅನ್ನ ಬಡಿಸುತ್ತಾರೆ. ಅದು ಮರ್ಯಾದೆ. ತಿರುಗಿಸದೆ ನೋಡಿದ ಮಕ್ಕಳಿಗೆ ತಲೆಗೊಂದು ಬೀಳುತ್ತದೆ. ನನಗೂ ಬಿದ್ದಿದೆ, ನಮ್ಮವ್ವನ ಕೈಯಿಂದ. ಆದರೆ ಅದೇ ಜನ ಒಂದೇ ಟವಲಿನಲ್ಲಿ ಮನೆಮಂದಿಯೆಲ್ಲ ಮುಖ ಒರೆಸಿಕೊಳ್ಳುತ್ತಾರೆ.

ನಾನು ಬೆಂಚಿನ ಮೇಲೆ ನಿಂತು ಭಾಷಣ ಮಾಡಿದೆ. ನೋಟದಿಂದ ಬರುವುದಿಲ್ಲ ಕಣ್ರಪ್ಪ, ಕೈಯಿಂದ ಬರುತ್ತದೆ, ಸೆರಗಿನಿಂದ, ವಸ್ತ್ರದಿಂದ ಬರುತ್ತದೆ, ಕಣ್ಣು ಮುಟ್ಟಿದ ಕೈ ತೊಳೆಯಿರಿ ಎಂದೆ. ಎಲ್ಲರೂ ಮುಖ ತಿರುಗಿಸಿಕೊಂಡೇ ತಲೆಯಾಡಿಸಿದರು. ನಮ್ಮ ಜೊತೆ ಬಂದಿದ್ದ ಸಿಸ್ಟರ್ ಮರಿಯಮ್ಮ ನಕ್ಕುಬಿಟ್ಟರು. ಇಪ್ಪತ್ತು ವರ್ಷ ಇಂಥ ಶಿಬಿರ ನೋಡಿದ ಹೆಂಗಸು ಆಕೆ. ಭಾಷಣ ಸಾಕು ಡಾಕ್ಟ್ರೇ, ಕೆಂಪು ಕಣ್ಣಿನವರನ್ನು ಮನೆಗೆ ಕಳಿಸಿ ಎಂದರು. ಕಳಿಸಿದ ಮೇಲೆ ಪೊರೆ ಹಣ್ಣಾಗಿ, ಕಣ್ಣು ಶುದ್ಧವಾಗಿ ಉಳಿದವರು ಹದಿನಾಲ್ಕು ಮಂದಿ. ನಾಲ್ಕು ಗುರುಗಳಿಗೆ, ಹತ್ತು ನನಗೆ.

ಆ ಹದಿನಾಲ್ಕರಲ್ಲಿ ಮೊದಲು ಆರಿಸಿದ್ದು ಕೊಲ್ಲಾಪುರಮ್ಮನನ್ನು, ಆದರೆ ಅವಳಿಗೆ ಕೆಮ್ಮಿತ್ತು. ಪೊರೆ ತೆಗೆದ ಮೇಲೆ ಕೆಮ್ಮಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಕೆಮ್ಮಿನ ಔಷಧಿ ಕೊಟ್ಟು ಕಡೆಗೆ ಇಟ್ಟುಕೊಂಡೆವು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಎರಡೂ ಕಣ್ಣಲ್ಲಿ ಪೊರೆ. ಬಲಗಣ್ಣಿನದು ಪೂರಾ ಹಣ್ಣಾಗಿತ್ತು, ಎಡಗಣ್ಣಿನದು ಇನ್ನೂ ಬಲಿಯುತ್ತಿತ್ತು. ನಾನು ಹತ್ತಿರ ಹೋದಾಗಲೆಲ್ಲ, ನನ್ನ ಸರದಿ ಬರುವ ಹೊತ್ತಿಗೆ ನಿನಗೆ ಮದುವೆಯಾಗಿ ಮಕ್ಕಳಾಗುತ್ತವೆ ಎಂದು ಛೇಡಿಸುತ್ತಿದ್ದಳು. ಜೊತೆಗೆ ಸೊಸೆ ಲಕ್ಷ್ಮಕ್ಕ ಬಂದಿದ್ದಳು, ಮಾತು ಕಡಿಮೆಯ ಹೆಣ್ಣು. ಮಗ ಬೀರಲಿಂಗಯ್ಯ ದಿನಕ್ಕೊಂದು ಸಲ ಸೈಕಲ್ಲಿನಲ್ಲಿ ಬಂದು ನೋಡಿಕೊಂಡು ಹೋಗುತ್ತಿದ್ದ. ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಮದುವೆಯಾಗಿ ಮೂರು ವರ್ಷವಾದರೂ ಇವಳ ಮುಖ ಸರಿಯಾಗಿ ನೋಡಿಲ್ಲ, ದನಿ ಕೇಳಿಯೇ ಒಪ್ಪಿಕೊಂಡೆ ಎಂದು ಕೊಲ್ಲಾಪುರಮ್ಮ ಎಲ್ಲರಿಗೂ ಹೇಳುತ್ತಿದ್ದಳು.

ಎರಡು ದಿನದಲ್ಲಿ ಒಂಬತ್ತು ಕಣ್ಣು ಮಾಡಿದೆ. ಶಾಲೆಯ ಬೆಂಚುಗಳನ್ನು ಸೇರಿಸಿ ಹಾಸಿದ ಮೇಜು, ಮೇಲೆ ಒಂದು ದೀಪ, ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತ ಗುರುಗಳು. ಅವರು ಒಂದು ಸಲವೂ ಕೈ ಹಾಕಲಿಲ್ಲ. ಒಂಬತ್ತೂ ಶುದ್ಧವಾಗಿ ಬಂದವು. ಒಬ್ಬ ಅಜ್ಜನ ಪಟ್ಟಿ ಬಿಚ್ಚಿ ಎಷ್ಟು ಬೆರಳು ಎಂದು ಕೇಳಿದಾಗ ಅವನು ಬೆರಳು ಬಿಟ್ಟು ನನ್ನ ಮುಖವನ್ನೇ ನೋಡಿದ. ಆವತ್ತು ನನಗೆ ಅಳು ಬಂತು. ಎರಡೂವರೆ ವರ್ಷದಲ್ಲಿ ಮೊದಲ ಸಲ, ಇದಕ್ಕಾಗಿಯೇ ನಾನು ಹುಟ್ಟಿದ್ದು ಅನ್ನಿಸಿತು.

ಮಾರನೆಯ ಬೆಳಿಗ್ಗೆ ಎದ್ದಾಗ ಎಡಗಣ್ಣು ಚುಚ್ಚುತ್ತಿತ್ತು.

ನಾನು ಶಾಲೆಯ ಒಂದು ಕೋಣೆಯಲ್ಲೇ ಮಲಗುತ್ತಿದ್ದೆ. ಹೊರಗೆ ಬಂದು ನೀರೆರಚಿಕೊಂಡು, ಗೋಡೆಯ ಕನ್ನಡಿಯಲ್ಲಿ ಕೆಳರೆಪ್ಪೆ ಎಳೆದು ನೋಡಿದೆ. ಸ್ವಲ್ಪ ಕೆಂಪು. ಆದರೆ ಜುಲೈನಿಂದ ಯಾವ ದಿನ ಕೆಂಪಿರಲಿಲ್ಲ? ರಾತ್ರಿ ಮೂರು ಗಂಟೆ ಮಲಗಿದ್ದವನ ಕಣ್ಣು ಇನ್ನು ಹೇಗಿರುತ್ತದೆ? ಹಾಗೆ ನನಗೆ ನಾನೇ ಹೇಳಿಕೊಂಡೆ. ಸಾವಿರಾರು ಜನರ ಕಣ್ಣು ನೋಡಿ ಇದು ಬೇನೆ, ಇದು ಅಲ್ಲ ಎಂದು ಒಂದೇ ನೋಟಕ್ಕೆ ಹೇಳುತ್ತಿದ್ದ ನನಗೆ ನನ್ನ ಕಣ್ಣು ಮಾತ್ರ ತಿಳಿಯಲಿಲ್ಲವಂತೆ. ಸುಳ್ಳು. ತಿಳಿದಿತ್ತು.

ಅಷ್ಟರಲ್ಲಿ ಗುರುಗಳ ಜೀಪಿನ ಡ್ರೈವರು ಒಂದು ಚೀಟಿ ತಂದ. ಅವರು ತುರುವೇಕೆರೆಯ ಪ್ರವಾಸಿ ಬಂಗಲೆಯಲ್ಲಿ ಉಳಿದುಕೊಂಡಿದ್ದರು. ಚೀಟಿಯಲ್ಲಿ ಅವರು, ನನಗೆ ಕಣ್ಣುಬೇನೆ ಬಂದಿದೆ, ನಾನು ಶಿಬಿರದೊಳಗೆ ಕಾಲಿಡುವುದಿಲ್ಲ, ನಿನ್ನ ಕಣ್ಣು ಚೆನ್ನಾಗಿದ್ದರೆ ಉಳಿದ ಒಂದನ್ನು ನೀನೇ ಮಾಡು, ಒಂದು ಚೂರು ಅನುಮಾನವಿದ್ದರೂ ಆಕೆಯನ್ನು ಮನೆಗೆ ಕಳಿಸು, ತೀರ್ಮಾನ ನಿನ್ನದು ಎಂದು ಬರೆದಿದ್ದರು. ಬೇನೆ ಬಂದ ಗಳಿಗೆಯಲ್ಲೇ ತಿಳಿಸಿ ದೂರ ಕೂತ ಮನುಷ್ಯ ಅವರು. ಆ ಚೀಟಿ ಓದಿ ನನಗೆ ನಾಚಿಕೆಯಾಗಬೇಕಿತ್ತು, ಸಮಾಧಾನವಾಯಿತು. ನೋಡುವವರು ಯಾರೂ ಇಲ್ಲವಲ್ಲ ಎಂದು.

ಮರಿಯಮ್ಮ ಬಂದು ನನ್ನ ಮುಖಕ್ಕೆ ಟಾರ್ಚು ಹಿಡಿದರು. ಕಣ್ಣು ಹೇಗಿದೆ ಡಾಕ್ಟ್ರೇ ಎಂದರು. "ನಿದ್ದೆಯಿಲ್ಲ ಸಿಸ್ಟರ್, ಅಷ್ಟೇ" ಎಂದೆ. ಆಕೆ ಒಂದು ಕ್ಷಣ ನಿಂತು ನೋಡಿದರು. ನಿದ್ದೆಯಿಲ್ಲ ಎಂಬುದು ಆಕೆಗೂ ಗೊತ್ತಿದ್ದ ಸತ್ಯವೇ, ಆಕೆಯೂ ಮಲಗಿ ಎಷ್ಟೋ ದಿನವಾಗಿತ್ತು. ಸರಿ ಎಂದು ಉಪಕರಣ ಕುದಿಸಲು ಹೋದರು. ಕೊಲ್ಲಾಪುರಮ್ಮನನ್ನು ಮನೆಗೆ ಕಳಿಸಿದರೆ ನನ್ನದು ಒಂಬತ್ತಕ್ಕೇ ನಿಲ್ಲುತ್ತಿತ್ತು. ಗುರುಗಳು ಒಂಬತ್ತಕ್ಕೆ ಸಹಿ ಹಾಕುವವರಲ್ಲ. ಒಂದು ವರ್ಷ, ಇನ್ನೊಂದು ವರ್ಷ ಎಂದು ತಲೆಯಲ್ಲಿ ಅದೊಂದೇ ಓಡುತ್ತಿತ್ತು. ಹಾಗೆ ನೋಡಿದರೆ ಗೋವಿಂದಯ್ಯನೇ ನನಗಿಂತ ಮರ್ಯಾದಸ್ಥ.

ಆಪರೇಶನ್ನಿಗೆ ಮೊದಲು ರೋಗಿಯ ರೆಪ್ಪೆಗೂದಲನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸಬೇಕು. ಅದು ಬರಿಗೈ ಕೆಲಸ, ಗ್ಲೌಸು ಹಾಕುವುದು ಅದಾದ ಮೇಲೆ. ಕೊಲ್ಲಾಪುರಮ್ಮ ಬೆಂಚಿನ ಮೇಲೆ ಮಲಗಿದ್ದಳು. ಲಕ್ಷ್ಮಕ್ಕ ಅತ್ತೆಯ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕತ್ತರಿಸಿದ ಕೂದಲು ಅಂಟಿಕೊಳ್ಳಲೆಂದು ಕತ್ತರಿಗೆ ಮುಲಾಮು ಸವರುವಾಗ ನನ್ನ ಕಣ್ಣು ಬಹಳ ಚುಚ್ಚಿತು, ಬೆರಳಿನಿಂದ ಒಂದು ಸಲ ಒತ್ತಿಕೊಂಡೆ. ಆಮೇಲೆ ಕೈ ತೊಳೆದೆನೇ? ತೊಳೆದೆ ಎಂದು ಎಷ್ಟೋ ವರ್ಷ ನಂಬಲು ಪ್ರಯತ್ನಿಸಿದ್ದೇನೆ. ತೊಳೆಯಲಿಲ್ಲ. ಬೆಂಚಿನ ಮೇಲೆ ನಿಂತು ಇನ್ನೂರು ಜನಕ್ಕೆ ಕೈ ತೊಳೆಯಿರಿ ಎಂದವನು ನಾನೇ. ಅವಳ ರೆಪ್ಪೆ ಹಿಡಿದು, ಕೂದಲು ಕತ್ತರಿಸಿ, ಹನಿ ಬಿಟ್ಟು, ಆಮೇಲೆ ಬ್ರಷ್ಷು ಸೋಪು ಹಾಕಿ ಕೈ ಉಜ್ಜಿ, ಗ್ಲೌಸು ಹಾಕಿಕೊಂಡು ಪೊರೆ ತೆಗೆದೆ.

ಹೇಳಬಾರದು, ಆದರೂ ಹೇಳುತ್ತೇನೆ. ಹತ್ತರಲ್ಲಿ ಅದೇ ಅತ್ಯುತ್ತಮವಾಗಿ ಆಯಿತು. ಪೊರೆ ಒಂದು ಚೂರೂ ಹರಿಯದೆ ಇಡಿಯಾಗಿ ಈಚೆ ಬಂತು.

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಅಲ್ಲಾಡಬೇಡಿ ಅಮ್ಮ ಎಂದು ಹೇಳಿ, ಪುಸ್ತಕದಲ್ಲಿ ಹತ್ತು ಎಂದು ಬರೆದೆ. ಇನ್ನು ಮಾಡುವ ಆಪರೇಶನ್ನು ಇರಲಿಲ್ಲ. ಪಟ್ಟಿ ಬದಲಿಸುವುದನ್ನು ಮರಿಯಮ್ಮ ನೋಡಿಕೊಳ್ಳುತ್ತಾರೆ, ಅವ್ವನನ್ನು ನೋಡಿ ವರ್ಷವಾಯಿತು ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟೆ. ತಿಪಟೂರು ತಲುಪುವ ಹೊತ್ತಿಗೆ ರೆಪ್ಪೆ ಊದಿತ್ತು. ಮನೆ ಸೇರಿದಾಗ ಅವ್ವ ಬಾಗಿಲಲ್ಲೇ ನೋಡಿ, ಯಾವನ ಕಣ್ಣು ನೋಡಿಕೊಂಡು ಬಂದೆಯೋ ಎಂದು ಬೈದಳು. ನಾಲ್ಕು ದಿನ ಕತ್ತಲೆ ಕೋಣೆಯಲ್ಲಿ ಬಿದ್ದುಕೊಂಡೆ. ನಾಚಿಕೆಗೇಡಿನ ಮಾತು, ಆ ನಾಲ್ಕು ದಿನ ಸತ್ತವನ ಹಾಗೆ ನಿದ್ದೆ ಮಾಡಿದೆ. ತಿಂಗಳುಗಟ್ಟಲೆ ಬಾರದ ನಿದ್ದೆಯೆಲ್ಲ ಒಟ್ಟಿಗೆ ಬಂತು.

ಐದನೆಯ ದಿನ ಕಪ್ಪು ಕನ್ನಡಕ ಹಾಕಿಕೊಂಡು ಶಿಬಿರಕ್ಕೆ ಬಂದೆ. ಊರಲ್ಲಿ ಅಂಟಿಕೊಂಡಿತು ಎಂದು ಹೇಳುವುದೆಂದು ದಾರಿಯಲ್ಲೇ ನಿರ್ಧರಿಸಿದ್ದೆ, ಆದರೆ ಯಾರೂ ಕೇಳಲಿಲ್ಲ. ಅರ್ಧ ಊರೇ ಕಪ್ಪು ಕನ್ನಡಕ ಹಾಕಿಕೊಂಡಿತ್ತು. ಗುರುಗಳ ಕಣ್ಣು ವಾಸಿಯಾಗುತ್ತ ಬಂದಿತ್ತು, ಅವರು ಮರಳಿ ಬಂದಿದ್ದರು. ನನ್ನನ್ನು ಪಕ್ಕಕ್ಕೆ ಕರೆದರು. ಕೊಲ್ಲಾಪುರಮ್ಮನ ಕಣ್ಣು ಹೋಯಿತು ಎಂದರು. ಬೇನೆ ತಗುಲಿ, ಒಳಗೆ ಕೀವಾಗಿ, ಎರಡು ದಿನ ಇಂಜೆಕ್ಷನ್ ಕೊಟ್ಟರೂ ನಿಲ್ಲಲಿಲ್ಲ. ನಿನ್ನ ಕೈಕೆಲಸದಲ್ಲಿ ತಪ್ಪಿಲ್ಲ, ಹೊಲಿಗೆ ನೋಡಿದೆ, ನಾನೂ ಅಷ್ಟು ಚೆನ್ನಾಗಿ ಹಾಕುವುದಿಲ್ಲ, ಸೊಸೆಗೆ ಕಣ್ಣು ಬಂದಿತ್ತು, ಅವಳಿಂದ ತಗುಲಿದೆ ಎಂದರು. ಜೇಬಿನಿಂದ ಪೆನ್ನು ತೆಗೆದು ನನ್ನ ಪುಸ್ತಕಕ್ಕೆ ಸಹಿ ಹಾಕಿದರು. ನನ್ನ ಬೆನ್ನು ತಟ್ಟಿದರು ಕೂಡ.

ನಾನು ಒಳಗೆ ಹೋಗಿ ಕೊಲ್ಲಾಪುರಮ್ಮನ ಕೇಸ್ ಶೀಟು ತೆಗೆದೆ. ಮರಿಯಮ್ಮ ದಿನದಿನದ್ದನ್ನು ಗುಂಡು ಅಕ್ಷರದಲ್ಲಿ ಬರೆದಿದ್ದರು. ಆಪರೇಶನ್ ಆದ ಮಾರನೆಯ ದಿನ: ಕಣ್ಣು ಕೆಂಪು, ನೀರು. ಅದರ ಮಾರನೆಯ ದಿನ: ಊತ, ಕೀವು. ಅದರ ಕೆಳಗೆ: ಇಂದು ಬೆಳಿಗ್ಗೆ ಸೊಸೆಗೂ ಕಣ್ಣು ಕೆಂಪಾಗಿದೆ. ಅಂದರೆ ಅತ್ತೆಗೆ ಮೊದಲು, ಸೊಸೆಗೆ ಆಮೇಲೆ. ಸೊಸೆಗೆ ಅತ್ತೆಯಿಂದ ಬಂದಿತ್ತು, ಅತ್ತೆಗೆ ನನ್ನಿಂದ. ಎರಡು ಸಾಲು ಓದಿದರೆ ಶಾಲೆಯ ಹುಡುಗನಿಗೂ ತಿಳಿಯುವಷ್ಟು ಸರಳ. ಆದರೆ ಓದುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಶೀಟನ್ನು 'ಮುಗಿದದ್ದು' ಎಂಬ ಕಟ್ಟಿನೊಳಗೆ ಸೇರಿಸಿದೆ.

ಚಪ್ಪರದ ಕೆಳಗೆ ಆಗಲೇ ಪಂಚಾಯಿತಿ ನಡೆದಿತ್ತು. ಲಕ್ಷ್ಮಕ್ಕ ಕಣ್ಣು ಕೆಂಪಾದ ಮೇಲೂ ಅತ್ತೆಯ ಪಕ್ಕ ಬಿಟ್ಟಿರಲಿಲ್ಲ. ಮುಖ ಆಚೆ ತಿರುಗಿಸಿಕೊಂಡೇ ಗಂಜಿ ಕುಡಿಸಿದ್ದಳು. ಅತ್ತೆಯ ಕಣ್ಣಿಗೆ ಹೇಗೂ ಪಟ್ಟಿ ಕಟ್ಟಿದೆ, ನೋಟ ತಾಗುವುದಾದರೂ ಹೇಗೆ ಎಂಬುದು ಅವಳ ಲೆಕ್ಕ. ನಮ್ಮ ಕಡೆಯ ಯಾರೇ ಆಗಿದ್ದರೂ ಅದೇ ಲೆಕ್ಕ ಹಾಕುತ್ತಿದ್ದರು. ಆದರೆ ಕಣ್ಣು ಹೋದ ಮೇಲೆ ಎಲ್ಲರೂ ಒಂದೇ ಮಾತು ಹಿಡಿದರು. ಅವಳು ಯಾವಾಗಲೋ ಮುಖ ತಿರುಗಿಸುವುದು ಮರೆತು ನೋಡಿಬಿಟ್ಟಿದ್ದಾಳೆ. ಇಲ್ಲ ಎನ್ನಲು ಸಾಕ್ಷಿ ಯಾರು? ಕೊಲ್ಲಾಪುರಮ್ಮನ ಕಣ್ಣೇ ಕಟ್ಟಿತ್ತಲ್ಲ.

"ಇನ್ಮ್ಯಾಕೆ ಅವ್ಳ ಕೈನ ನೀರು ನಂಗೆ ಬ್ಯಾಡ" ಎಂದು ಕೊಲ್ಲಾಪುರಮ್ಮ ಶಾಲೆಯ ಗೋಡೆಯ ಕಡೆ ತಿರುಗಿ ಹೇಳಿದಳು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಬಹುದಿತ್ತು, ಎದುರಿಗೇ ಗುರುಗಳಿದ್ದರು. ಪುಸ್ತಕ ನನ್ನ ಕಂಕುಳಲ್ಲಿತ್ತು, ಶಾಯಿ ಆರಿರಲಿಲ್ಲ. ನಾನು ಅದನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡೆ. ಮಾರನೆಯ ವಾರ ಲಕ್ಷ್ಮಕ್ಕನನ್ನು ತವರಿಗೆ ಕಳಿಸಿದರು ಎಂದು ಆಮೇಲೆ ಕೇಳಿದೆ.

ಡಿಸೆಂಬರಿನಲ್ಲಿ ಪರೀಕ್ಷೆ ಆಯಿತು. ಪಾಸಾದೆ. ಜನವರಿಯಲ್ಲಿ ಫಲಿತಾಂಶ ಬಂದು, ಇನ್ನು ಯಾರೂ ನನ್ನನ್ನು ಏನೂ ಮಾಡುವಂತಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಆತ್ಮಸಾಕ್ಷಿ ಎದ್ದು ಕೂತಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ. ಆದರೂ ಹೋದೆ. ಅಮ್ಮಸಂದ್ರದಲ್ಲಿ ರೈಲಿಳಿದು, ಬಸ್ಸು ಹಿಡಿದು, ಊರು ವಿಚಾರಿಸಿಕೊಂಡು ಅವರ ಮನೆ ಸೇರಿದೆ.

ಬೀರಲಿಂಗಯ್ಯ ಅಟ್ಟದಿಂದ ಒಣಗಿದ ಕಾಯಿ ಇಳಿಸುತ್ತಿದ್ದ. ನನ್ನನ್ನು ಕಂಡು ಓಡಿಬಂದು ಚಾಪೆ ಹಾಸಿದ. ಕೊಲ್ಲಾಪುರಮ್ಮ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಬಲಗಣ್ಣು ಕುಗ್ಗಿ ಒಳಗೆ ಹೋಗಿತ್ತು, ಎಡಗಣ್ಣು ಬೆಳ್ಳಗೆ. ದನಿ ಕೇಳಿಯೇ ನನ್ನ ಗುರುತು ಹಿಡಿದಳು. ಹಿರಿಯರು ಮಾತಾಡಿ ಲಕ್ಷ್ಮಕ್ಕನನ್ನು ವಾಪಸು ಕರೆಸಿದ್ದರು. ಅವಳು ಬಾಗಿಲ ಹಿಂದೆ ನಿಂತಿದ್ದಳು. ನಾನು ಬಂದ ಸಡಗರದಲ್ಲಿ ಅತ್ತೆ ನೀರು ಕೇಳಿದಾಗ, ಕೈಯಲ್ಲಿ ಕೆಲಸವಿದ್ದ ಮಗನೇ ಒಳಗೆ ಹೋಗಿ ಚೊಂಬು ತುಂಬಿ ತಂದು ಕೊಟ್ಟ. ಸೊಸೆ ಕದಲಲಿಲ್ಲ, ಅದು ಆ ಮನೆಯ ಪದ್ಧತಿಯಾಗಿಬಿಟ್ಟಿತ್ತು.

ನಾನು ಹೇಳಿದೆ. ಸುತ್ತು ಬಳಸಲಿಲ್ಲ. ಆವತ್ತು ಬೆಳಿಗ್ಗೆ ನನಗೆ ಕಣ್ಣು ಬಂದಿತ್ತು, ಮುಚ್ಚಿಟ್ಟೆ, ಪರೀಕ್ಷೆಗೆ ಹತ್ತನೆಯ ಕಣ್ಣು ಬೇಕಿತ್ತು, ಕೈ ತೊಳೆಯದೆ ನಿಮ್ಮ ರೆಪ್ಪೆ ಮುಟ್ಟಿದೆ, ನಿಮಗೆ ಮೊದಲು ಕೆಂಪಾಯಿತು, ನಿಮ್ಮ ಸೊಸೆಗೆ ಆಮೇಲೆ, ಅವಳ ತಪ್ಪು ಒಂದು ಎಳ್ಳಿನಷ್ಟೂ ಇಲ್ಲ, ತಪ್ಪೆಲ್ಲ ನನ್ನದು ಎಂದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ಕಾದು ಕೂತೆ. ನಿಜ ಹೇಳಬೇಕೆಂದರೆ, ಬೈದರೆ ನನಗೆ ಹಗುರವಾಗುತ್ತದೆಂಬ ಆಸೆ.

ಕೊಲ್ಲಾಪುರಮ್ಮ ತಡಕಾಡಿ ನನ್ನ ಕೈ ಹಿಡಿದುಕೊಂಡಳು.

"ನೀನು ದೇವ್ರಂಥೋನು ಕಣಪ್ಪ" ಎಂದಳು. "ಡಾಕ್ಟ್ರಿಂದ ಎಲ್ಲಾದ್ರೂ ರೋಗ ಬತ್ತದಾ? ಈ ಹೆಣ್ಣಿನ ಸಂಸಾರ ಕೆಡಬಾರ್ದು ಅಂತ ಇವ್ಳ ಪಾಪಾನ ನಿನ್ ತಲೆ ಮ್ಯಾಲೆ ಹೊತ್ಕಂಡು ಅಲ್ಲಿಂದ ಬಂದಿದೀಯಲ್ಲ."

ಅಲ್ಲ ಎಂದೆ. ದೇವರಾಣೆ ಎಂದೆ. ಕೇಸ್ ಶೀಟಿನ ತಾರೀಖು ಹೇಳಿದೆ. ನಾನು ಒತ್ತಿ ಹೇಳಿದಷ್ಟೂ ಅವಳು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಬೀರಲಿಂಗಯ್ಯನ ಕಣ್ಣಲ್ಲಿ ನೀರು ಬಂದಿತ್ತು, ಅವನು ಬಗ್ಗಿ ನನ್ನ ಕಾಲು ಮುಟ್ಟಲು ಬಂದ. ಕೊಲ್ಲಾಪುರಮ್ಮ ಬಾಗಿಲ ಕಡೆ ತಿರುಗಿ, ನೋಡೇ, ಓದಿದೋರು ಎಂಥೋರು ಅಂತ ನೋಡು ಎಂದು ಸೊಸೆಗೆ ಹೇಳಿದಳು. ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಎದ್ದು ನಿಂತೆ. ಬೀರಲಿಂಗಯ್ಯ ಬೇಡ ಎಂದರೂ ಕೇಳದೆ ಒಂದು ಚೀಲಕ್ಕೆ ಕೊಬ್ಬರಿ ತುಂಬಿದ, ಬಸ್ಸಿನ ರಸ್ತೆಯವರೆಗೆ ಕೊಟ್ಟು ಬಾ ಎಂದು ಹೆಂಡತಿಯ ಕೈಗೆ ಕೊಟ್ಟ.

ತೋಟದ ಬದುವಿನ ಮೇಲೆ ಅವಳು ಮುಂದೆ, ನಾನು ಹಿಂದೆ. ರಸ್ತೆಗೆ ಬಂದ ಮೇಲೆ ಚೀಲ ಇಳಿಸಿ, ನನ್ನನ್ನು ನೇರವಾಗಿ ನೋಡಿದಳು.

"ನಂಗೆ ಅವತ್ತೇ ಗೊತ್ತಿತ್ತು ಸಾಮಿ" ಎಂದಳು. "ರೆಪ್ಪೆ ಕೂದ್ಲು ಕತ್ತರಿಸ್ವಾಗ ನಡುನಡುವೆ ಮೊಕ ಆ ಕಡೀಕೆ ತಿರುಗಿಸ್ಕಂಡ್ರಲ್ಲ. ನಮ್ಮೋರು ಕಣ್ಣು ಬಂದಾಗ ಮಾಡ್ದಂಗೇ ಮಾಡಿದ್ರಿ."

ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ಮುಖ ತಿರುಗಿಸಬೇಕೆಂದು ನಾನು ಯೋಚಿಸಿರಲಿಲ್ಲ, ನಮ್ಮವ್ವ ಕಲಿಸಿದ್ದನ್ನು ಕುತ್ತಿಗೆಯೇ ಮಾಡಿತ್ತು. ಎಷ್ಟು ಓದಿದ್ದರೂ ನನ್ನ ಮೈಗೆ ಅದು ಗೊತ್ತಿತ್ತು, ನನಗೆ ಬೇನೆ ಬಂದಿದೆಯೆಂದೂ ಗೊತ್ತಿತ್ತು. ಆಗಲೇ ಯಾಕೆ ಹೇಳಲಿಲ್ಲ ತಾಯಿ ಎಂದು ಕೇಳಿದೆ.

"ಡಾಕ್ಟ್ರಿಗೆ ತಿಳೀದೆ ಇರ್ತದಾ ಅನ್ಕಂಡೆ. ಆಮ್ಯಾಕೆ ಹೇಳಿದ್ರೆ ಯಾರು ನಂಬೋರು? ನೀವೇ ಬಾಯಿಬುಟ್ಟು ಹೇಳಿದ್ರೂ ನಂಬ್ನಿಲ್ಲ" ಎಂದಳು.

ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಅವಳು ಸೆರಗನ್ನು ಎಳೆದುಕೊಂಡು, ಅತ್ತೆಯ ಇನ್ನೊಂದು ಕಣ್ಣಿನ ಪೊರೆ ಹಣ್ಣಾಗಿದೆಯೇ ಎಂದು ಕೇಳಿದಳು. ಆಗಿದೆ ಎಂದೆ. ಅದನ್ನು ತೆಗೆದರೆ ಕಾಣುತ್ತದೆಯೇ ಎಂದಳು. ಕಾಣುತ್ತದೆ ಎಂದೆ. ಅದೊಂದು ಕಂಡರೆ ಅತ್ತೆ ಮತ್ತೆ ತನ್ನ ಕೈಯ ನೀರು ಕುಡಿದರೂ ಕುಡಿಯಬಹುದು ಎಂದಳು. ನನಗೆ ಜೀವ ಬಂದ ಹಾಗಾಯಿತು. ಬೆಂಗಳೂರಿಗೆ ಕರೆದುಕೊಂಡು ಬನ್ನಿ, ಒಂದು ಕಾಸು ಖರ್ಚಿಲ್ಲ, ನಾನೀಗ ಪಾಸಾಗಿದ್ದೇನೆ, ನನ್ನ ಕೈಯಾರೆ ನಾನೇ ಮಾಡುತ್ತೇನೆ, ಮಗುವಿನಂತೆ ನೋಡಿಕೊಳ್ಳುತ್ತೇನೆ ಎಂದು ಗಡಿಬಿಡಿಯಲ್ಲಿ ಹೇಳಿದೆ.

ಲಕ್ಷ್ಮಕ್ಕ ಬೇಡವೆಂದು ತಲೆಯಾಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಬ್ಯಾಡಿ ಸಾಮಿ. ದೊಡ್ಡ ಡಾಕ್ಟ್ರ ಕೈಲಿ ಮಾಡಿಸ್ಕೊಡಿ. ನೀವು ಮಾತ್ರ ಮಾಡ್ಬ್ಯಾಡಿ."

ಬಸ್ಸು ಬಂದು ನಿಂತಿತು. ನಾನು ಜೇಬಿನಿಂದ ಒಂದು ಹಾಳೆ ತೆಗೆದು, ಗುರುಗಳ ಹೆಸರು, ಅವರು ಸಿಗುವ ವಾರ, ಹೊತ್ತು ಬರೆದು ಅವಳ ಕೈಗೆ ಕೊಟ್ಟೆ.